ಭತ್ತದ ಇಪ್ಪತ್ತೈದು ದಿನಗಳು

ದಾವಣಗೆರೆಯ ಆಸುಪಾಸಿನಲ್ಲಿರುವ ಕುಕ್ಕುವಾಡವೆಂದರೆ ಹೊರಗಿನವರಿಗೆ ಸಾಮಾನ್ಯವಾಗಿ ಅಲ್ಲಿಯ ಸಕ್ಕರೆ ಕಾರ್ಖಾನೆಯ ನೆನಪಾಗುತ್ತದೆ. ಆದರೆ ಆ ಊರಿನ ಸುತ್ತಲೂ ಕಣ್ಣು ಹಾಯಿಸಿದವರಿಗೆ ಕಬ್ಬಿನೊಡನೆ ಭತ್ತದ ಗದ್ದೆಗಳೂ ಕಾಣಿಸದಿರವು. ಬೇಸಿಗೆಯ ಒಂದು ಭಾನುವಾರ ನಾವು ನಮ್ಮ ಕೆಲವು ವಿದ್ಯಾರ್ಥಿಗಳನ್ನು ಕರೆದುಕೊಂಡು ಆ ಕಡೆಗೆ ಹೋಗಿದ್ದೆವು. ನಾಟಿ ಮುಗಿದು ಕೆಲವೇ ದಿನಗಳಾಗಿದ್ದುವು. ಬದುವಿನ ಮೇಲೆ ಕುಳಿತು ಸಣ್ಣ ಕಾಲುವೆಯನ್ನೇ ನೋಡುತ್ತಿದ್ದ ವಯಸ್ಸಾದ ರೈತರೊಬ್ಬರು ನಮ್ಮನ್ನು ಮಾತನಾಡಿಸಿದರು. ನಾವು ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಪಾಠಮಾಡುವವರೆಂದು ತಿಳಿದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ ಇದು:

“ಮೇಷ್ಟ್ರೇ, ನೀವು ಲೆಕ್ಕ ಬಲ್ಲೋರು. ಒಂದು ಎಕರೆ ಗದ್ದೀಗೆ ಒಂದು ದಿನಕ್ಕೆ ಎಷ್ಟು ನೀರು ಬೇಕು, ಹೇಳ್ರಿ ನೋಡೋಣ.”

ಪ್ರಶ್ನೆ ಸರಳವಾದುದು, ಆದರೂ ನಮಗೆ ಆ ಕ್ಷಣದಲ್ಲಿ ಉತ್ತರ ಹೊಳೆಯಲಿಲ್ಲ. ನಮ್ಮ ವಿದ್ಯಾರ್ಥಿಗಳು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಮನೆಗೆ ಹಿಂದಿರುಗಿದ ಮೇಲೆ ಕಾಗದ ಪೆನ್ಸಿಲುಗಳನ್ನು ಹಿಡಿದು ಕುಳಿತಾಗ, ಈ ಒಂದು ಪ್ರಶ್ನೆಯೊಳಗೆ ಸೂರ್ಯನ ಶಾಖ, ನೀರಿನ ಗುಣ, ಸಸ್ಯದ ಆಯುಷ್ಯ, ಮತ್ತು ನಾಲೆಯ ಕೊನೆಯ ಸಂಸಾರಗಳ ಭವಿಷ್ಯ ಇವೆಲ್ಲವೂ ಅಡಗಿರುವುದು ನಮಗೆ ಕಂಡುಬಂದಿತು. ಅದನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ನೀರು ಬಂದ ಬಗೆ

ದಾವಣಗೆರೆ ಸೀಮೆ ಹುಟ್ಟಿನಿಂದ ಭತ್ತದ ನಾಡಲ್ಲ. ಇದು ಮಲೆನಾಡಿಗೂ ಬಯಲುಸೀಮೆಗೂ ನಡುವಣ ಪ್ರದೇಶ. ಜೋಳ, ಹತ್ತಿ, ರಾಗಿ ಮುಂತಾದ ಮಳೆಯಾಶ್ರಯದ ಬೆಳೆಗಳೇ ಇಲ್ಲಿ ಹಿಂದೆ ಮುಖ್ಯವಾಗಿದ್ದುವು. ದಾವಣಗೆರೆಯ ಹತ್ತಿ ಗಿರಣಿಗಳ ಖ್ಯಾತಿ ಬೆಳೆದದ್ದೂ ಈ ಕರಿಮಣ್ಣಿನ ಹತ್ತಿಯ ಬಲದಿಂದಲೇ. ಲಕ್ಕವಳ್ಳಿಯ ಬಳಿ ಭದ್ರಾ ನದಿಗೆ ಅಣೆಕಟ್ಟನ್ನು ಕಟ್ಟುವ ಕಾರ್ಯ 1947ರಲ್ಲಿ ಆರಂಭವಾಗಿ 1960ರ ದಶಕದ ನಡುವಿನಲ್ಲಿ ಪೂರ್ಣಗೊಂಡಿತು. ಜಲಾಶಯದ ಪೂರ್ಣ ಮಟ್ಟ 186 ಅಡಿ. ಅದು ಹಿಡಿದಿಡಬಲ್ಲ ನೀರು 71.5 ಟಿ.ಎಂ.ಸಿ. ಅಲ್ಲಿಂದ ಹೊರಟ ಬಲದಂಡೆ ನಾಲೆಯೂ ಅದರ ಕವಲುಗಳೂ ಈ ಸೀಮೆಯನ್ನು ತಲುಪಿದ ಮೇಲೆ ಹತ್ತಿಯ ಹೊಲಗಳು ಗದ್ದೆಗಳಾದುವು. ದಾವಣಗೆರೆ, ಹರಿಹರಗಳ ಸುತ್ತಲೂ ಅಕ್ಕಿಯ ಗಿರಣಿಗಳು ಎದ್ದುವು.

ನಾಲೆಯ ನೀರಿಗೆ ಒಂದು ಸ್ವಭಾವವಿದೆ. ಅದು ಮೊದಲು ಸಿಕ್ಕವರಿಗೆ ಮೊದಲು ದಕ್ಕುತ್ತದೆ. ಮೇಲಿನ ತೂಬುಗಳಲ್ಲಿ ನೀರನ್ನು ತಿರುಗಿಸಿಕೊಂಡು ಉಳಿದದ್ದು ಕೆಳಗೆ ಬರಬೇಕು. ದಾವಣಗೆರೆ, ಹರಿಹರಗಳ ಅಚ್ಚುಕಟ್ಟು ನಾಲೆಯ ಕೆಳಭಾಗದಲ್ಲಿದೆ. ಮೇಲುಭಾಗದಲ್ಲಿ ವರ್ಷವಿಡೀ ನೀರು ಬೇಡುವ ಅಡಕೆಯ ತೋಟಗಳು ಹೆಚ್ಚಿದಂತೆಲ್ಲ ಕೆಳಗಿನವರ ಕಾತರವೂ ಹೆಚ್ಚಿದೆ. ಮಳೆ ಚೆನ್ನಾಗಿ ಬಿದ್ದ ವರ್ಷ ಈ ಕಾತರ ಮರೆತುಹೋಗುತ್ತದೆ. ಮಳೆ ಕೈಕೊಟ್ಟ ವರ್ಷ ಅದು ಬೀದಿಗೆ ಬರುತ್ತದೆ. 2023ರಲ್ಲಿ ಹಾಗೆಯೇ ಆಯಿತು. ಮುಂಗಾರು ಸೊರಗಿ, ಭದ್ರಾ ಜಲಾಶಯ ತುಂಬದೆ, ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರವು ಘೋಷಿಸಬೇಕಾಯಿತು. ನಾಟಿಯಾಗಿದ್ದ ಭತ್ತಕ್ಕೆ ನಾಲೆಯ ನೀರನ್ನು ನಿಲ್ಲಿಸಬಾರದೆಂದು ಆ ಸೆಪ್ಟೆಂಬರಿನಲ್ಲಿ ದಾವಣಗೆರೆಯ ರೈತರು ಚಳವಳಿ ಹೂಡಿದರು.

ಇಂತಹ ಸ್ಥಿತಿಯಲ್ಲಿ ನಾಲೆಯ ಕೊನೆಯ ರೈತನಿಗೆ ಯಾವ ಭತ್ತವನ್ನು ಬಿತ್ತಬೇಕೆಂಬುದು ಕೇವಲ ಇಳುವರಿಯ ಪ್ರಶ್ನೆಯಲ್ಲ. ಬಿತ್ತುವ ದಿನವೇ ಅವನು ನಾಲ್ಕು ತಿಂಗಳ ಮುಂದಿನ ನೀರಿನ ಮೇಲೆ ಪಣ ಕಟ್ಟಬೇಕಾಗಿದೆ.

ಸೂರ್ಯನ ಪಾಲು

ಈಗ ಯಜಮಾನರ ಪ್ರಶ್ನೆಗೆ ಬರೋಣ. ಗದ್ದೆಯ ನೀರು ಎರಡು ದಾರಿಗಳಲ್ಲಿ ಹೊರಟುಹೋಗುತ್ತದೆ. ಒಂದು, ಮೇಲಕ್ಕೆ: ನೀರಿನ ಮೇಲ್ಮೈಯಿಂದಲೂ ಎಲೆಗಳ ಸೂಕ್ಷ್ಮರಂಧ್ರಗಳಿಂದಲೂ ಆವಿಯಾಗಿ ಹೋಗುವುದು. ಇನ್ನೊಂದು, ಕೆಳಕ್ಕೆ: ಮಣ್ಣಿನಲ್ಲಿ ಇಂಗಿ ಹೋಗುವುದು.

ಮೊದಲನೆಯದನ್ನು ಭೌತವಿಜ್ಞಾನದ ವಿದ್ಯಾರ್ಥಿ ಮನೆಯಲ್ಲಿ ಕುಳಿತೇ ಲೆಕ್ಕಹಾಕಬಹುದು. ನೀರು ಆವಿಯಾಗಬೇಕಾದರೆ ಗುಪ್ತೋಷ್ಣ ಬೇಕು. ನಮ್ಮ ಗದ್ದೆಗಳ ಉಷ್ಣತೆಯಲ್ಲಿ ಒಂದು ಗ್ರಾಂ ನೀರನ್ನು ಆವಿಯಾಗಿಸಲು ಸುಮಾರು 580 ಕ್ಯಾಲೊರಿ ಶಾಖ ಹಿಡಿಯುತ್ತದೆ. ಈ ಶಾಖವನ್ನು ಕೊಡುವವನು ಸೂರ್ಯ. ಬಿಸಿಲಿನ ಒಂದು ದಿನದಲ್ಲಿ, ಪ್ರತಿಫಲಿತವಾಗಿ ಹೋದುದನ್ನೂ ನೆಲವು ಆಕಾಶಕ್ಕೆ ಮರಳಿ ಸೂಸಿದುದನ್ನೂ ಕಳೆದು, ಒಂದು ಚದರ ಸೆಂಟಿಮೀಟರ್ ಗದ್ದೆಗೆ ಉಳಿಯುವ ಶಾಖ ಸುಮಾರು 300 ಕ್ಯಾಲೊರಿ ಎಂದು ಇಟ್ಟುಕೊಳ್ಳೋಣ. 300ನ್ನು 580ರಿಂದ ಭಾಗಿಸಿದರೆ ಅರ್ಧ ಗ್ರಾಮಿಗಿಂತ ತುಸು ಹೆಚ್ಚು ನೀರು. ಅಂದರೆ ಗದ್ದೆಯ ನೀರಿನ ಮಟ್ಟ ದಿನಕ್ಕೆ ಸುಮಾರು 5 ಮಿಲಿಮೀಟರಿನಷ್ಟು ಇಳಿಯುತ್ತದೆ. ಇದು ಸೂರ್ಯನ ಪಾಲು. ಒಣಗಾಳಿ ಬೀಸಿದರೆ ಇದಕ್ಕಿಂತ ಹೆಚ್ಚಾದೀತು. ಮೋಡ ಕವಿದರೆ ಕಡಿಮೆಯಾದೀತು.

ಇಂಗುವ ನೀರಿನ ಪ್ರಮಾಣ ಮಣ್ಣನ್ನು ಅವಲಂಬಿಸಿದೆ. ಮರಳುಮಣ್ಣಿನಲ್ಲಿ ಅದು ಬಹಳ, ಜೇಡಿಯಲ್ಲಿ ಕಡಿಮೆ. ನಾಟಿಗೆ ಮೊದಲು ಗದ್ದೆಯನ್ನು ನೀರಿನಲ್ಲಿ ಉತ್ತು ಕೆಸರು ಮಾಡುವುದರ ಒಂದು ಉದ್ದೇಶವೂ ಇದೇ. ಕಲಕಿದ ಸಣ್ಣ ಕಣಗಳು ಕೆಳಗೆ ಕುಳಿತು ರಂಧ್ರಗಳನ್ನು ಮುಚ್ಚಿ, ಇಂಗುವಿಕೆಯನ್ನು ತಡೆಯುತ್ತವೆ. ಚೆನ್ನಾಗಿ ಕೆಸರಾದ ಜೇಡಿಗದ್ದೆಯಲ್ಲಿ ಇದನ್ನು ದಿನಕ್ಕೆ 3 ಮಿಲಿಮೀಟರ್ ಎಂದು ಹಿಡಿದರೆ, ಒಟ್ಟು ವೆಚ್ಚ 8 ಮಿಲಿಮೀಟರ್ ಆಯಿತು.

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಸರಿಯಾಗಿ ಒಂದು ಲೀಟರು. ಒಂದು ಎಕರೆಗೆ 4,047 ಚದರ ಮೀಟರುಗಳು. ಆದ್ದರಿಂದ ಒಂದು ಎಕರೆಗೆ, ಒಂದು ದಿನಕ್ಕೆ, ಸುಮಾರು 32,000 ಲೀಟರು! 5,000 ಲೀಟರು ಹಿಡಿಯುವ ಟ್ಯಾಂಕರುಗಳಲ್ಲಿ ತಂದು ಸುರಿಯುವುದಾದರೆ ದಿನಕ್ಕೆ ಆರೂವರೆ ಟ್ಯಾಂಕರು ಬೇಕು. ಯಜಮಾನರ ಪ್ರಶ್ನೆಗೆ ಇದು ನಮ್ಮ ಉತ್ತರ.

ಭತ್ತ ನೀರಿನ ಗಿಡವೇ?

ಇಷ್ಟೊಂದು ನೀರನ್ನು ಬೇಡುವ ಭತ್ತವನ್ನು ಬೈಯುವವರುಂಟು. ಆದರೆ ಆವಿಯಾಗುವ ನೀರಿನ ವಿಷಯದಲ್ಲಿ ಭತ್ತವು ಬೇರೆ ಬೆಳೆಗಳಿಗಿಂತ ಬಹಳ ದೊಡ್ಡ ಅಪರಾಧಿಯಲ್ಲ. ಹಸಿರಾಗಿ ತುಂಬಿ ನಿಂತ ಯಾವ ಬೆಳೆಯಾದರೂ, ಬೇರಿಗೆ ನೀರು ದೊರೆತಲ್ಲಿ, ಸೂರ್ಯನ ಪಾಲನ್ನು ಹೆಚ್ಚುಕಡಮೆ ಅಷ್ಟೇ ಕೊಡಬೇಕಾಗುತ್ತದೆ. ಭತ್ತದ ವಿಶೇಷವೆಂದರೆ ಅದು ನಿಂತ ನೀರಿನಲ್ಲಿಯೂ ಬದುಕಬಲ್ಲದು. ಅದರ ಎಲೆ, ಕಾಂಡ, ಬೇರುಗಳಲ್ಲಿ ಕೊಳವೆಯಂತಹ ಗಾಳಿದಾರಿಗಳಿವೆ. ಕೆಸರಿನಲ್ಲಿ ಹುದುಗಿದ ಬೇರಿಗೆ ಆಮ್ಲಜನಕವು ಮೇಲಿನಿಂದ ಈ ದಾರಿಯಲ್ಲಿ ಇಳಿದು ಬರುತ್ತದೆ. ಬಹಳಷ್ಟು ಕಳೆಗಳಿಗೆ ಈ ಅನುಕೂಲವಿಲ್ಲ. ಆದ್ದರಿಂದ ನೀರು ನಿಲ್ಲಿಸಿದರೆ ಕಳೆ ಉಸಿರುಕಟ್ಟಿ ಸಾಯುತ್ತದೆ, ಭತ್ತ ಉಳಿಯುತ್ತದೆ. ಗದ್ದೆಯಲ್ಲಿ ನಿಂತ ನೀರು ಒಂದರ್ಥದಲ್ಲಿ ಕೂಲಿಯಿಲ್ಲದೆ ಕಳೆ ಕೀಳುವ ಆಳು.

ಹಾಗಾದರೆ ನೀರು ಉಳಿಸುವ ದಾರಿಗಳು ಎರಡೇ. ದಿನದಿನದ ವೆಚ್ಚವನ್ನು ಕಡಿಮೆ ಮಾಡಬೇಕು. ಇಲ್ಲವೇ ದಿನಗಳನ್ನೇ ಕಡಿಮೆ ಮಾಡಬೇಕು. ಸೂರ್ಯನ ಪಾಲನ್ನು ತಗ್ಗಿಸುವುದು ನಮ್ಮ ಕೈಯಲ್ಲಿಲ್ಲವೆಂಬುದನ್ನು ನೆನೆದರೆ, ಎರಡನೆಯ ದಾರಿಯ ಮಹತ್ವ ಸ್ಪಷ್ಟವಾಗುತ್ತದೆ.

ಆಯುಷ್ಯದ ಮೂರು ಭಾಗಗಳು

ಭತ್ತದ ಜೀವಿತವನ್ನು ಸಸ್ಯಶಾಸ್ತ್ರಜ್ಞರು ಮೂರು ಭಾಗಗಳಾಗಿ ವಿಂಗಡಿಸುತ್ತಾರೆ. ಮೊಳೆತಂದಿನಿಂದ ತೆನೆಯ ಅಂಕುರ ಕಾಂಡದೊಳಗೆ ಮೂಡುವವರೆಗೆ ಮೊದಲ ಭಾಗ. ಇದು ಬೆಳವಣಿಗೆಯ ಕಾಲ. ಅಂಕುರ ಮೂಡಿ, ಪೈರು ಹೊಡೆಯಾಗಿ, ತೆನೆ ಹೊರಬಂದು ಹೂವಾಗುವವರೆಗೆ ಎರಡನೆಯ ಭಾಗ. ಇದಕ್ಕೆ ಸುಮಾರು 35 ದಿನ. ಹೂವಿನಿಂದ ಹಾಲು ತುಂಬಿ ಕಾಳು ಬಲಿಯುವವರೆಗೆ ಮೂರನೆಯ ಭಾಗ. ಇದಕ್ಕೆ ಸುಮಾರು 30 ದಿನ. ಕೊನೆಯ ಎರಡು ಭಾಗಗಳು ಉಷ್ಣವಲಯದ ಹೆಚ್ಚಿನ ತಳಿಗಳಲ್ಲಿ ಬಹುತೇಕ ಒಂದೇ ಆಗಿವೆ. ದೀರ್ಘಾವಧಿ, ಅಲ್ಪಾವಧಿ ಎಂಬ ಭೇದವೆಲ್ಲ ಮೊದಲನೆಯ ಭಾಗದಲ್ಲಿದೆ. ಅಂದರೆ, ಬೇಗ ಕೊಯ್ಲಿಗೆ ಬರುವ ಭತ್ತವು ತನ್ನ ಬಾಲ್ಯವನ್ನು ಮೊಟಕುಮಾಡಿಕೊಂಡಿರುತ್ತದೆಯೇ ಹೊರತು ಕಾಳು ತುಂಬುವ ಕಾಲವನ್ನಲ್ಲ. ಬಾಲ್ಯವು ತೀರ ಚಿಕ್ಕದಾದರೆ ಎಲೆ, ತೆಂಡೆಗಳು ಸಾಕಷ್ಟು ಬೆಳೆಯದೆ ಇಳುವರಿ ಕುಗ್ಗುತ್ತದೆ. ಹದವಾಗಿ ಮೊಟಕಾದರೆ ನಷ್ಟ ಅಲ್ಪ, ಲಾಭ ಹೆಚ್ಚು.

ಹಿಂದಿನ ಅನೇಕ ನಾಟಿ ತಳಿಗಳು ಹಗಲು ಚಿಕ್ಕದಾಗುವುದನ್ನು ಕಾಯುತ್ತಿದ್ದುವು. ಯಾವಾಗ ಬಿತ್ತಿದರೂ ಅವು ಹೂಬಿಡುವುದು ಮಳೆಗಾಲ ಕಳೆದ ಮೇಲೆಯೇ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು 1966ರಲ್ಲಿ ಹೊರತಂದ ಐ.ಆರ್. 8 ಎಂಬ ಗಿಡ್ಡ ತಳಿ ಈ ಕಟ್ಟಿನಿಂದ ಪಾರಾಗಿ ಸುಮಾರು 130 ದಿನಗಳಲ್ಲಿ ಮಾಗುತ್ತಿತ್ತು. ಹತ್ತು ವರ್ಷಗಳ ಅನಂತರ, 1976ರಲ್ಲಿ, ಅದೇ ಸಂಸ್ಥೆಯ ಐ.ಆರ್. 36 ಸುಮಾರು 110 ದಿನಗಳಿಗೆ ಬಂದಿತು.

ನಮ್ಮ ಸೀಮೆಯ ಊಟದ ಅಕ್ಕಿಯ ಚರಿತ್ರೆ ಸ್ವಲ್ಪ ಬೇರೆ. ಆಂಧ್ರದ ಬಾಪಟ್ಲದಲ್ಲಿ ರೂಪುಗೊಂಡು 1986ರಲ್ಲಿ ಬಿಡುಗಡೆಯಾದ ಬಿ.ಪಿ.ಟಿ. 5204, ಅಂದರೆ ಸಾಂಬಾ ಮಸೂರಿ, ಸಣ್ಣ ಕಾಳಿನಿಂದಲೂ ಮೃದುವಾದ ಅನ್ನದಿಂದಲೂ ಜನರ ನಾಲಗೆಯನ್ನು ಗೆದ್ದಿತು. ಪೇಟೆಯಲ್ಲಿ ಸೋನಾ ಎಂದು ಮಾರಾಟವಾಗುವ ಅಕ್ಕಿಗಳಲ್ಲಿ ಇದರದೇ ದೊಡ್ಡ ಪಾಲಾಯಿತು. ಇದರ ದೋಷಗಳೆಂದರೆ ಎರಡು: ಮಾಗಲು 145ರಿಂದ 150 ದಿನ ಬೇಕು; ಬೆಂಕಿರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ಹೈದರಾಬಾದಿನ ರಾಜೇಂದ್ರನಗರದಲ್ಲಿ ಬೆಳೆಸಿ, 2015ರಲ್ಲಿ ತೆಲಂಗಾಣ ಸೋನಾ ಎಂಬ ಹೆಸರಿನಿಂದ ಬಿಡುಗಡೆಯಾದ ಆರ್.ಎನ್.ಆರ್. 15048 ಎಂಬ ತಳಿಯೂ ಸಣ್ಣ ಕಾಳಿನದೇ. ಆದರೆ ಅದು ಸುಮಾರು 125 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ, ಬೆಂಕಿರೋಗವನ್ನೂ ತಡೆದುಕೊಳ್ಳುತ್ತದೆ. ದಾವಣಗೆರೆ, ಹರಿಹರಗಳ ಗದ್ದೆಗಳಿಗೆ ಇದು ವೇಗವಾಗಿ ಹಬ್ಬಿತು. ರೈತರು ಇದನ್ನು ಚಿಕ್ಕದಾಗಿ ‘ಆರೆನ್ನಾರ್’ ಎನ್ನುತ್ತಾರೆ.

ಎರಡರ ಅಂತರ 25 ದಿನಗಳು. ದಿನಕ್ಕೆ 8 ಮಿಲಿಮೀಟರಿನಂತೆ 25 ದಿನಕ್ಕೆ 200 ಮಿಲಿಮೀಟರ್; ಎಕರೆಗೆ 8 ಲಕ್ಷ ಲೀಟರುಗಳಿಗಿಂತ ತುಸು ಹೆಚ್ಚು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಅಂದರೆ 2,830 ಕೋಟಿ ಲೀಟರು. ಹೀಗಿರಲಾಗಿ, 35,000 ಎಕರೆಗಳಲ್ಲಿ ದೀರ್ಘಾವಧಿಯ ಭತ್ತದ ಬದಲು ಇದನ್ನು ಬೆಳೆದರೆ ಉಳಿಯುವ ನೀರು ಒಂದು ಟಿ.ಎಂ.ಸಿ.! ಇಂಗಿದ ನೀರು ಪೂರ್ತಿ ನಷ್ಟವಲ್ಲ, ಅದು ಕೆಳಗಿನ ಬಾವಿಗಳಿಗೆ ಒದಗುತ್ತದೆ ಎಂದು ಆಕ್ಷೇಪಿಸುವ ವಿದ್ಯಾರ್ಥಿಯ ಮಾತು ಸರಿಯೇ. ಆಗ ಸೂರ್ಯನ ಪಾಲನ್ನು ಮಾತ್ರ ಎಣಿಸಿದರೂ ಎಕರೆಗೆ 5 ಲಕ್ಷ ಲೀಟರು ಉಳಿಯುತ್ತದೆ.

ನಾಲೆಯ ಕೊನೆಯವನಿಗೆ ಈ ಲೆಕ್ಕದ ಅರ್ಥ ಇನ್ನೂ ಆಳವಾದುದು. ಬೇಸಿಗೆಯ ಬೆಳೆಗೆ ನಾಲೆಯಲ್ಲಿ ನೀರು ಹರಿಯುವ ಅವಧಿ ಸಾಮಾನ್ಯವಾಗಿ ನಾಲ್ಕು ತಿಂಗಳ ಆಸುಪಾಸು. ಸಸಿಮಡಿಯಲ್ಲಿ ಕಳೆಯುವ 25–30 ದಿನಗಳನ್ನು ಬಿಟ್ಟರೆ ಸಾಂಬಾ ಮಸೂರಿಯು ಗದ್ದೆಯಲ್ಲಿ ಸುಮಾರು 120 ದಿನ ಇರಬೇಕು. ನೀರು ಮೇಲಿನ ತೂಬುಗಳನ್ನು ದಾಟಿ ಕೆಳಗೆ ಬರಲು ತಡವಾಗುವುದರಿಂದ ಕೊನೆಯವನ ನಾಟಿಯೂ ತಡ. ನಾಲೆ ನಿಲ್ಲುವ ದಿನ ಮಾತ್ರ ಎಲ್ಲರಿಗೂ ಒಂದೇ. ಆ ದಿನ ಅವನ ಪೈರು ಹಾಲುಗಾಳಿನಲ್ಲಿರುತ್ತದೆ. ಆರೆನ್ನಾರಾದರೋ ಗದ್ದೆಯಲ್ಲಿ ಸುಮಾರು 100 ದಿನ ಮಾತ್ರ ಇರುತ್ತದೆ. ತಡವಾದ ನಾಟಿಗೂ ಅದರಲ್ಲಿ ಅವಕಾಶವಿದೆ. ಬರವನ್ನು ತಡೆದುಕೊಳ್ಳುವುದು ಒಂದು ಶಕ್ತಿ. ಬರ ಬರುವ ಮೊದಲೇ ಮನೆಸೇರುವುದು ಇನ್ನೊಂದು ಶಕ್ತಿ. ಈ ತಳಿಯದು ಎರಡನೆಯ ಬಗೆ.

ಹೂವಿನ ಒಂದು ಗಂಟೆ

ಬೇಗ ಮಾಗುವುದರಿಂದ ಮತ್ತೊಂದು ಉಪಕಾರವೂ ಉಂಟು. ಭತ್ತದ ಹೂವು ಬೆಳಗಿನ ಹೊತ್ತು ಸುಮಾರು ಒಂದು ಗಂಟೆಯ ಕಾಲ ಮಾತ್ರ ತೆರೆದಿರುತ್ತದೆ. ಆ ವೇಳೆಯಲ್ಲಿ ಉಷ್ಣತೆ 35 ಡಿಗ್ರಿ ಸೆಂಟಿಗ್ರೇಡನ್ನು ಮೀರಿದರೆ ಪರಾಗಕೋಶಗಳು ಸರಿಯಾಗಿ ಬಿರಿಯದೆ, ಪರಾಗ ಸೊರಗಿ, ಕಾಳು ಕಟ್ಟುವುದಿಲ್ಲ. ಹೊರಗಿನಿಂದ ತೆನೆ ಚೆನ್ನಾಗಿಯೇ ಕಾಣುತ್ತದೆ. ತೂರಿದಾಗ ಜೊಳ್ಳು ಹಾರಿಹೋಗುತ್ತದೆ. ದಾವಣಗೆರೆಯಲ್ಲಿ ಏಪ್ರಿಲಿನ ಬಿಸಿಲು ಎಂತಹದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬೇಸಿಗೆಯ ಬೆಳೆಯ ಹೂವು ಏಪ್ರಿಲಿನ ಕೊನೆಗೆ ಬೀಳುವ ಬದಲು ಮೂರು ವಾರ ಮುಂಚೆ ಬಿದ್ದರೆ ಈ ಅಪಾಯ ಕಡಿಮೆ.

ರಾತ್ರಿಯ ಸೆಕೆಯೂ ಭತ್ತಕ್ಕೆ ಹಿತವಲ್ಲ. ಹಗಲು ಬಿಸಿಲಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಗಿಡವು ರಾತ್ರಿ ಉಸಿರಾಟದಲ್ಲಿ ವೆಚ್ಚ ಮಾಡುತ್ತದೆ. ರಾತ್ರಿ ಬೆಚ್ಚಗಾದಷ್ಟೂ ವೆಚ್ಚ ಹೆಚ್ಚು. ಮೇಲೆ ಹೇಳಿದ ಅಂತರರಾಷ್ಟ್ರೀಯ ಸಂಸ್ಥೆಯ ಹೊಲಗಳ ದಾಖಲೆಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಣಹವೆಯ ಬೆಳೆಯ ಕಾಲದಲ್ಲಿ ರಾತ್ರಿಯ ಕನಿಷ್ಠ ಉಷ್ಣತೆ ಒಂದು ಡಿಗ್ರಿ ಏರಿದರೆ ಇಳುವರಿ ಸುಮಾರು ಶೇಕಡ 10ರಷ್ಟು ಇಳಿಯುವುದು ಕಂಡುಬಂದಿತು. ಭೂಮಿಯ ವಾತಾವರಣ ಬಿಸಿಯೇರುತ್ತಿರುವ ಈ ಕಾಲದಲ್ಲಿ ಈ ಸಂಖ್ಯೆಯನ್ನು ಮರೆಯುವಂತಿಲ್ಲ.

ಬೇರೆ ದಾರಿಗಳು

ಓಡಿ ಪಾರಾಗುವುದೊಂದೇ ಉಪಾಯವಲ್ಲ. ನಿಂತು ಎದುರಿಸುವ ಭತ್ತಗಳೂ ಇವೆ. ಬೇರು ಅಡ್ಡಲಾಗಿ ಹರಡುವ ಬದಲು ನೇರವಾಗಿ ಕೆಳಕ್ಕೆ ಇಳಿದರೆ ಮೇಲುಮಣ್ಣು ಒಣಗಿದಾಗಲೂ ಆಳದ ತೇವ ದೊರೆಯುತ್ತದೆ. ಬೇರಿನ ಈ ಕೋನವನ್ನು ನಿಯಂತ್ರಿಸುವ ಜೀನೊಂದನ್ನು ಜಪಾನಿನ ವಿಜ್ಞಾನಿಗಳು ಗುರುತಿಸಿ 2013ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಎಂ.ಎ.ಎಸ್. 946-1 ಮುಂತಾದ ಏರೋಬಿಕ್ ಭತ್ತದ ತಳಿಗಳನ್ನು ಹೊರತಂದಿದೆ. ಇವನ್ನು ಕೆಸರು ಮಾಡದೆ, ನಾಟಿ ಮಾಡದೆ, ರಾಗಿಯಂತೆ ಒಣನೆಲದಲ್ಲಿ ಕೂರಿಗೆಯಿಂದ ಬಿತ್ತಿ, ಆಗಾಗ ನೀರು ಹಾಯಿಸಿ ಬೆಳೆಯಬಹುದು. ನೀರು ನಿಲ್ಲದಿರುವುದರಿಂದ ಇಂಗುವ ನೀರಿನಲ್ಲಿಯೂ ಕೆಸರುಮಾಡುವ ನೀರಿನಲ್ಲಿಯೂ ದೊಡ್ಡ ಉಳಿತಾಯ. ಆದರೆ ಕಳೆ ಕೀಳುವ ಆ ‘ಆಳು’ ಇಲ್ಲವಾಗುತ್ತಾನೆ. ಜೊತೆಗೆ, ನಿಂತ ನೀರಿನಲ್ಲಿ ಸುಲಭವಾಗಿ ಕರಗುವ ಕಬ್ಬಿಣದ ಅಂಶ ಒಣಗಿದ ಮಣ್ಣಿನಲ್ಲಿ ಗಿಡಕ್ಕೆ ದಕ್ಕದೆ ಎಲೆಗಳು ಹಳದಿಯಾಗುವುದೂ ಉಂಟು.

ಬರಕ್ಕೆ ವಿರುದ್ಧವಾದ ಕಷ್ಟ ನೆರೆ. ಒಡಿಶಾದ ಎಫ್.ಆರ್. 13ಎ ಎಂಬ ಹಳೆಯ ಭತ್ತವು ಸುಮಾರು ಎರಡು ವಾರ ಪೂರ್ತಿ ಮುಳುಗಿದ್ದರೂ ಸಾಯುವುದಿಲ್ಲ. ಸಾಮಾನ್ಯ ಭತ್ತವು ಮುಳುಗಿದೊಡನೆ ತಲೆಯೆತ್ತಲು ಹವಣಿಸಿ, ಕೂಡಿಟ್ಟ ಶಕ್ತಿಯನ್ನೆಲ್ಲ ಬೆಳೆಯುವುದರಲ್ಲಿ ಕಳೆದುಕೊಂಡು ಸಾಯುತ್ತದೆ. ಇದಾದರೋ ಬೆಳವಣಿಗೆಯನ್ನು ತಡೆದು, ಉಸಿರು ಬಿಗಿಹಿಡಿದವನಂತೆ ಸುಮ್ಮನಿದ್ದು, ನೀರಿಳಿದ ಮೇಲೆ ಚಿಗುರುತ್ತದೆ. ಡೇವಿಡ್ ಮ್ಯಾಕಿಲ್, ಪಮೇಲಾ ರೊನಾಲ್ಡ್ ಮತ್ತು ಸಂಗಡಿಗರು ಈ ಗುಣದ ಜೀನನ್ನು 2006ರಲ್ಲಿ ಸ್ಪಷ್ಟವಾಗಿ ತೋರಿಸಿಕೊಟ್ಟರು. ಅದನ್ನು ಸಂಕರಣದಿಂದ ಸೇರಿಸಿದ ಸ್ವರ್ಣ-ಸಬ್ 1 ತಳಿ 2009ರಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು. ನಮ್ಮ ಕರಾವಳಿಯ ಬ್ರಹ್ಮಾವರದ ಸಂಶೋಧನಾ ಕೇಂದ್ರದಿಂದ ಬಂದ ಸಹ್ಯಾದ್ರಿ ಪಂಚಮುಖಿಯೂ ನೆರೆಯನ್ನು ತಾಳುವ ಕೆಂಪಕ್ಕಿಯ ಭತ್ತ.

ಈ ವಿದ್ಯೆ ಹೊಸದೆಂದು ಭಾವಿಸಬೇಕಾಗಿಲ್ಲ. ಕುಮಟೆಯ ಬಳಿ ಅಘನಾಶಿನಿಯ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ಸಹಿಸುವ ಕಗ್ಗ ಭತ್ತವನ್ನೂ, ಸೊರಬದ ವರದಾ ನದಿಯ ತಗ್ಗುಗಳಲ್ಲಿ ನೆರೆಯನ್ನು ಎದುರಿಸುವ ನೆರೆಗೂಳಿಯನ್ನೂ ನಮ್ಮ ಹಿರಿಯರು ಆರಿಸಿ ಉಳಿಸಿಕೊಂಡು ಬಂದಿದ್ದರು. ಇಂದಿನ ಪ್ರಯೋಗಶಾಲೆ ಹುಡುಕುತ್ತಿರುವ ಜೀನುಗಳ ಭಂಡಾರ ಇಂತಹ ಬಿತ್ತದ ಬುಟ್ಟಿಗಳೇ.

ಹೊಸ ದಾರಿಯೂ ತೆರೆದಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಜೀನು ತಿದ್ದುಪಡಿಯಿಂದ ಪಡೆದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು. ಅವುಗಳಲ್ಲಿ ಒಂದು, ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯ ‘ಕಮಲಾ’, ನಮ್ಮ ಪರಿಚಯದ ಸಾಂಬಾ ಮಸೂರಿಯ ರೂಪಾಂತರವೇ. ಅದು ಮೂಲ ತಳಿಗಿಂತ ಸುಮಾರು 20 ದಿನ ಮುಂಚೆ ಮಾಗುವುದೆಂದು ಹೇಳಲಾಗಿದೆ. ಇದರ ನಿಜವಾದ ಬೆಲೆಯನ್ನು ರೈತರ ಹೊಲಗಳೇ ನಿರ್ಣಯಿಸಬೇಕು. ಆದರೆ ವಿಜ್ಞಾನಿಗಳು ಎಣಿಸುತ್ತಿರುವುದು ಮತ್ತೆ ದಿನಗಳನ್ನೇ ಎಂಬುದು ಗಮನಾರ್ಹ.

ಮೂಲೆಯ ಮಡಿ

ಹೊಸ ಬಿತ್ತನೆಯನ್ನು ರೈತ ಹೇಗೆ ಒಪ್ಪುತ್ತಾನೆ? ಯಜಮಾನರನ್ನು ನಾವು ಇದನ್ನೇ ಕೇಳಿದೆವು. ಅವರ ಮಗನಿಗೆ ಕೂರಿಗೆ ಭತ್ತದ ಆಸೆ. ಎಲ್ಲಿಯೋ ನೋಡಿಕೊಂಡು ಬಂದಿದ್ದ. ತಂದೆ ಒಪ್ಪಲಿಲ್ಲ. “ನೀರಿಲ್ದಿದ್ರೆ ಕಳೆ ಬರ್ತೈತ್ರೀ. ಕಳೆ ತೆಗೆಸೋ ಕೂಲಿ ಯಾರು ಕೊಡ್ತಾರೆ?” ಎಂದು ಅವರು ನಮ್ಮನ್ನೇ ಕೇಳಿದರು. ಆರೆನ್ನಾರ್ ಬಂದಾಗಲೂ ಮೊದಲ ವರ್ಷ ಅರ್ಧ ಎಕರೆಯ ಮೂಲೆಯ ಮಡಿಗೆ ಮಾತ್ರ ಹಾಕಿದ್ದರಂತೆ. ಉಳಿದುದೆಲ್ಲ ಹಳೆಯ ಸೋನಾ. ಆ ವರ್ಷ ನಾಲೆ ಬೇಗ ನಿಂತಿತು. ಹಳೆಯ ಸೋನಾದಲ್ಲಿ ಅರ್ಧಕ್ಕರ್ಧ ಜೊಳ್ಳು; ಮೂಲೆಯ ಮಡಿ ಮಾತ್ರ ಅಷ್ಟು ಹೊತ್ತಿಗೆ ಕಣ ಸೇರಿತ್ತು. “ಆ ಮಡೀನೇ ಮನೆ ಊಟಕ್ಕಾತು. ಸಾಲ ಮಾತ್ರ ಹಂಗೇ ಉಳೀತು,” ಎಂದರು. ಮರುವರ್ಷ ಅವರು ಎಲ್ಲ ಗದ್ದೆಗೂ ಅದನ್ನೇ ಹಾಕಿದರು. ಬದುವಿನಾಚೆ ನಿಂತು ನೋಡಿದ್ದ ನೆರೆಯವರೂ ಬಿತ್ತನೆ ಕೇಳಿಕೊಂಡು ಬಂದರು.

ಇದರಿಂದ ವಾಚಕರು ತಿಳಿಯಬೇಕಾದುದುಂಟು. ರೈತ ಹೊಸದನ್ನು ತಿರಸ್ಕರಿಸುವವನಲ್ಲ. ಅವನು ಪ್ರಯೋಗ ಮಾಡುತ್ತಾನೆ. ಆದರೆ ಪೂರ್ತಿ ಗದ್ದೆಯನ್ನು ಪಣಕ್ಕೊಡ್ಡುವುದಿಲ್ಲ. ಪ್ರಯೋಗಶಾಲೆಯಲ್ಲಿ ನಾವು ಹೋಲಿಕೆಗಾಗಿ ಇನ್ನೊಂದು ಪಾತ್ರೆಯನ್ನು ಇಡುವಂತೆ ಅವನು ಮೂಲೆಯ ಮಡಿಯನ್ನು ಇಡುತ್ತಾನೆ. ಎರಡನೆಯದಾಗಿ, ನೀರು ಉಳಿಸುತ್ತದೆಂಬ ಒಂದೇ ಕಾರಣಕ್ಕೆ ಯಾವ ತಳಿಯೂ ಹಬ್ಬಲಿಲ್ಲ. ಆರೆನ್ನಾರಿನ ಅನ್ನ ನಾಲಗೆಗೆ ಹಿಡಿಸಿತು, ಗಿರಣಿಯವರು ಕೊಂಡರು, ಆದ್ದರಿಂದ ಅದು ನಿಂತಿತು. ದಾವಣಗೆರೆಯಲ್ಲಿ ಮಂಡಕ್ಕಿಯ ಭಟ್ಟಿಗೆ ಒಪ್ಪುವ ಭತ್ತ ಬೇರೆ, ಊಟಕ್ಕೆ ಒಪ್ಪುವುದು ಬೇರೆ. ಕೊಳ್ಳುವವರಿಲ್ಲದ ಭತ್ತ ಎಷ್ಟು ಗಟ್ಟಿಯಾದರೇನು?

ಈ ತಳಿಗೂ ಕುಂದುಗಳಿಲ್ಲದಿಲ್ಲ. ಗೊಬ್ಬರ ಹೆಚ್ಚಾದರೆ ಸಣ್ಣ ಕಾಂಡ ತಾಳದೆ ಪೈರು ಮಲಗಿಬಿಡುತ್ತದೆ. ಸೀಮೆಯಲ್ಲೆಲ್ಲ ಒಂದೇ ತಳಿ ಹಬ್ಬಿದರೆ, ಇಂದು ಅದರ ಮುಂದೆ ಸೋತ ರೋಗವು ನಾಳೆ ಹೊಸ ರೂಪದಲ್ಲಿ ಬಂದು ಎಲ್ಲರ ಗದ್ದೆಯನ್ನೂ ಒಟ್ಟಿಗೆ ಹಿಡಿಯಬಹುದು. ಆದುದರಿಂದ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಂತಹ ಸಂಶೋಧನಾ ಕೇಂದ್ರಗಳು ಹಲವು ತಳಿಗಳನ್ನು ಇಲ್ಲಿಯ ಮಣ್ಣಿನಲ್ಲಿಯೇ ಬೆಳೆದು ಪರೀಕ್ಷಿಸುತ್ತಿರುವುದು ಅಗತ್ಯವಾದ ಕೆಲಸ.

ಉತ್ತರವನ್ನು ಒಪ್ಪಿಸಿದ್ದು

ಕೊಯ್ಲಿನ ಕಾಲಕ್ಕೆ ನಾವು ಮತ್ತೊಮ್ಮೆ ಕುಕ್ಕುವಾಡಕ್ಕೆ ಹೋಗಿ ಯಜಮಾನರಿಗೆ ನಮ್ಮ ಉತ್ತರವನ್ನು ಒಪ್ಪಿಸಿದೆವು: ದಿನಕ್ಕೆ ಎಕರೆಗೆ 32,000 ಲೀಟರು, 25 ದಿನಕ್ಕೆ 8 ಲಕ್ಷ. ಅವರು ಬೆರಳು ಮಡಿಚಿ ಎಣಿಸಿದರು. ಆಮೇಲೆ, “ನಾವು ಉಳಿಸಿದ ನೀರು ಎಲ್ಲಿಗೆ ಹೋತು ಮೇಷ್ಟ್ರೇ?” ಎಂದು ಕೇಳಿದರು.

ಈ ಪ್ರಶ್ನೆಗೆ ನಮ್ಮ ಶಾಸ್ತ್ರದಲ್ಲಿ ಉತ್ತರವಿಲ್ಲ. ತಳಿಯು ನೀರನ್ನು ಉಳಿಸಬಲ್ಲದು. ಉಳಿದ ನೀರನ್ನು ಮುಂದಿನವನ ಗದ್ದೆಗೆ ಕಳುಹಿಸುವುದು ತೂಬಿನ ಬಾಗಿಲನ್ನು ಮುಚ್ಚುವ ಕೈ. ಮೇಲಿನವರೂ ಅಲ್ಪಾವಧಿಯ ಭತ್ತವನ್ನು ಬೆಳೆದು, ತಮ್ಮ ಗದ್ದೆಗೆ ಸಾಕಾದ ದಿನ ತೂಬನ್ನು ಮುಚ್ಚಿದರೆ ಮಾತ್ರ 35,000 ಎಕರೆಯ ಆ ಒಂದು ಟಿ.ಎಂ.ಸಿ. ಕಾಗದದಿಂದ ನಾಲೆಗೆ ಇಳಿದೀತು. ಕೊನೆಯವನೊಬ್ಬನೇ ಉಳಿಸಿದರೆ ಅವನ ಬೆಳೆ ಉಳಿಯುತ್ತದೆ, ಅಷ್ಟೆ. ಆದರೆ ಆ ‘ಅಷ್ಟೆ’ ಒಂದು ಸಂಸಾರಕ್ಕೆ ಕಡಿಮೆಯಾದುದಲ್ಲ.

ವಿದ್ಯಾರ್ಥಿಗಳಾದ ವಾಚಕರು ನಮ್ಮ 5 ಮಿಲಿಮೀಟರನ್ನು ನಂಬಬೇಕಾಗಿಲ್ಲ. ಅಗಲವಾದ ಒಂದು ತಟ್ಟೆಯಲ್ಲಿ ನೀರು ತುಂಬಿ ಬಿಸಿಲಿನಲ್ಲಿ ಬಯಲಿಗಿಡಿ. ಹಕ್ಕಿಗಳು ಕುಡಿಯದಂತೆ ಬಲೆ ಹೊದಿಸಿ. ಬೆಳಿಗ್ಗೆ ಒಂದೇ ಹೊತ್ತಿಗೆ, ಅಳತೆಪಟ್ಟಿಯಿಂದ ನೀರಿನ ಆಳವನ್ನು ಗುರುತುಹಾಕಿ, ಒಂದು ವಾರ ನೋಡಿ. ಸಣ್ಣ ತಟ್ಟೆ ಬೇಗ ಕಾಯುವುದರಿಂದ ನಿಮ್ಮ ಅಂಕ ನಮ್ಮದಕ್ಕಿಂತ ದೊಡ್ಡದಾಗಿಯೇ ಬಂದೀತು. ಏಕೆ ದೊಡ್ಡದೆಂದು ಯೋಚಿಸುವುದೂ ಒಂದು ಪಾಠ. ಬಂದ ಅಂಕವನ್ನು 4,047ರಿಂದ ಗುಣಿಸಿ, ಒಂದು ಎಕರೆಯ ಲೀಟರುಗಳಾಗಿ ಬರೆದುಕೊಳ್ಳಿ. ನಿಮ್ಮ ಊರಿನಲ್ಲಿ ಗದ್ದೆಯಿದ್ದರೆ ಅಲ್ಲಿಯ ಭತ್ತ ಎಷ್ಟು ದಿನದ್ದೆಂದು ಹಿರಿಯರನ್ನು ಕೇಳಿ, ಅದರಿಂದಲೂ ಗುಣಿಸಿ. ಬರುವ ಸಂಖ್ಯೆಯನ್ನು ಅವರಿಗೂ ತಿಳಿಸಿರಿ.